ಗುಟ್ಟಿನ ಪುಟ

ಈ ಸಲ ಚೀಲ ಬಂದಿದ್ದು ಮಧ್ಯಾಹ್ನದ ಬಸ್ಸಿಗೆ.
ಕಂಡಕ್ಟರ್ ಇಳಿಸಿಕೊಡ್ತಾ ಕೇಳಿದ,
"ಬೇಳಿ ಏನ್ರಿ ಮೇಡಂ? ಭಾಳ ತೂಕ ಅದ."
ಬೇಳಿ ಅಲ್ಲಪ್ಪ, ಬುಕ್ಕು.
ಯಾದಿಯೊಳಗ ನಲವತ್ತೆರಡು,
ಚೀಲದಾಗ ನಲವತ್ತೊಂದು.

ಒಂದೊಂದಕ್ಕೂ ನಂಬರ್ ಬರದೆ, ಚೀಟಿ ಅಂಟಿಸಿದೆ.
ಮೊದಲ ಹಾಳಿಗಿ ಒಂದು ಶಿಕ್ಕಾ,
ಇಪ್ಪತ್ತೈದನೇ ಪುಟಕ್ಕ ಇನ್ನೊಂದು.
ಅದು ನಮ್ಮ ಗುಟ್ಟಿನ ಪುಟ:
ಮುಂದಿನ ಹಾಳಿ ಹರಿದು ಒಯ್ದರೂ
ಬುಕ್ಕು ಸೇಡಮ್ಮಿಂದು ಅಂತ ಅದು ಹೇಳ್ತದ.

ನಸಿಕಿನ್ಯಾಗ ಐದಕ್ಕ ಎದ್ದರ ಬದುಕು ಬದಲಾಗ್ತದ
ಅನ್ನೋ ಬುಕ್ಕು ಮೊದಲು ಹೋಯ್ತು.
ಒಯ್ದವ ದೇವೀಂದ್ರ, ಸಿಮೆಂಟ್ ಫ್ಯಾಕ್ಟರಿ, ನೈಟ್ ಶಿಫ್ಟು.
ವಾರಕ್ಕ ತಂದು ಟೇಬಲ್ ಮ್ಯಾಲ ಇಟ್ಟ.
"ಐದಕ್ಕ ನಾ ಮನಿಗಿ ಹೊಂಡ್ತೀನ್ರಿ,
ಮೂಗಿನಾಗಿನ ಧೂಳ ತೊಳಕೊಂಡು ಆರಕ್ಕ ಮಲಗ್ತೀನಿ.
ಇದರಾಗ ನನಗ ಎಲ್ಲೂ ಜಾಗ ಇಲ್ಲ.
ಆದರ ಅಕ್ಷರ ದಪ್ಪ ಅವ, ಚಲೋ ಅದ."

ತತ್ವದ ಬುಕ್ಕಿನಾಗ ಎರಡು ಹಾಳಿ ಇನ್ನೂ ಕೂಡೇ ಅವ,
ಬ್ಲೇಡ್ ಹಚ್ಚವರು ಬಂದಿಲ್ಲ.
ಕಸ ಹೊಡಿಯೋ ಝರಣಮ್ಮ ಅಮಾಸಿಗೊಮ್ಮಿ
ಬೆಳತನಕ ತತ್ವಪದ ಹಾಡಾಕಿ.
ಬುಕ್ಕ ಎತ್ತಿ, ಒರಸಿ, ಹೊಳ್ಳಿ ಇಟ್ಟಳು.
"ಇದಕ್ಕ ತಾಳ ಹಾಕವರು ಯಾರು?"

ಕಲ್ಲಿನ ಬುಕ್ಕ ನಾಗೀಂದ್ರಪ್ಪಗ ತೋರಿಸಿದೆ.
ಫರಸಿ ಖಣಿಯಾಗ ನಲವತ್ತು ವರ್ಷ,
ಈ ಗ್ರಂಥಾಲಯದ ನೆಲ ಹಾಸಿದ್ದೂ ಅವನೇ.
ಓದಲಿಕ್ಕ ಬರಲ್ಲ, ನಾ ಓದಿದೆ:
ಈ ಕಲ್ಲು ಒಂದು ಕಾಲಕ್ಕ ಸಮುದ್ರದ ತಳದ ಕೆಸರು,
ಆಗ ಮೀನು ಸೈತ ಹುಟ್ಟಿರಲಿಲ್ಲ.
ಅಂವ ಬಗ್ಗಿ ನೆಲ ಮುಟ್ಟಿದ.
ಭಾಳೊತ್ತು ಸುಮ್ಮ ಕುಂತು
ಆಮ್ಯಾಲ ಕೇಳಿದ,
"ಹಂಗಾರ ಉಪ್ಪು ಎಲ್ಲಿ ಹೋಯ್ತ್ರಿ?"
ನನಗ ಗೊತ್ತಿರಲಿಲ್ಲ.
ಬುಕ್ಕಿನಾಗೂ ಇರಲಿಲ್ಲ.
ಮರುದಿನದಿಂದ ಚಪ್ಪಲಿ ಹೊರಗ ಬಿಟ್ಟು ಬರ್ತಾನ.

ಉಳದಿದ್ದು ನೀಲಿ ರಟ್ಟಿನ ಬುಕ್ಕು.
ಮನಸಿನ ಬ್ಯಾನಿದು.
ಅದನ್ನ ನನ್ನ ಟೇಬಲ್ ತನಕ ತರೋ ಧೈರ್ಯ
ಈ ಊರಾಗ ಯಾರಿಗದ?
ಹೆಸರು ಬರಸಬೇಕಲ್ಲ. ಹೆಸರು ನಾ ಓದ್ತೀನಲ್ಲ.
ನನ್ನ ತಮ್ಮನ ಹೇಣ್ತಿ ಕೇಳ್ತಾಳಲ್ಲ.

ರಿಜಿಸ್ಟರ್ ಖಾಲಿ.
ಆದರ ಸುತ್ತಿನ ಬುಕ್ಕಿನ ಮ್ಯಾಲ ಬೂದಿ ಬಣ್ಣದ ಧೂಳ ಕುಂತರ
ಅದರ ಮ್ಯಾಲ ಕುಂದ್ರಲ್ಲ.
ಒಳಗ ಒಂದು ಬಸ್ ಟಿಕೀಟು, ಮಳಖೇಡ ಸೇಡಂ.
ಸೋಮವಾರ ಒಂಬತ್ತನೇ ಪುಟದಾಗಿತ್ತು,
ಗುರುವಾರ ಹದಿನಾಲ್ಕರಾಗ.
ಯಾರೋ ನಿಂತೇ ಓದ್ಯಾರ.

ಪಿಎಸ್ಐ ಪರೀಕ್ಷೆಗಿ ಕೂತ ಹುಡುಗನೋ,
ಪೇಪರ್ ಓದೋ ನೆವ ಮಾಡಿ ಬರೋ ದರ್ಜಿ ಲಾಲಹ್ಮದ್ದೋ,
ಡ್ಯೂಟಿ ಮುಗದ ಮ್ಯಾಲ ಫ್ಯಾನಿನ ಕೆಳಗ ಕೂಡೋ ನರ್ಸಮ್ಮನೋ?
ನೋಡಬಾರದು ಅಂತ ಅನಿಸ್ತು.
ಕುರ್ಚಿ ಬಾಗಿಲದ ಕಡಿ ತಿರುವಿದೆ.
ಆ ಮೂಲಿಗಿ ಒಂದು ಸ್ಟೂಲ್ ಇಟ್ಟೆ,
ಹೋದ ಬಲ್ಬ್ ಬದಲಿ ಮಾಡಿಸಿದೆ.

ಮಾರ್ಚಿನಾಗ ಸಾಹೇಬರು ಲೆಕ್ಕ ನೋಡಲಿಕ್ಕ ಬಂದ್ರು.
"ಇದು ಒಬ್ಬರೂ ಒಯ್ದಿಲ್ಲ. ವಾಪಸ್ ಕಳಸ್ರಿ."
ಆತ್ರಿ ಅಂದೆ.
ಯಾದಿಯೊಳಗ ಒಂದು ಮೊದಲೇ ಬಂದಿರಲಿಲ್ಲ,
ಇನ್ನೊಂದರ ಮುಂದ ನಾನೇ ಬರದೆ: ಸಿಕ್ಕಿಲ್ಲ.
ಬುಕ್ಕು ಇದ್ದಲ್ಲೇ ಇತ್ತು.

ನಿನ್ನಿ ಕೀಲಿ ಹಾಕೋ ಮುಂದ ತೆರದು ನೋಡಿದೆ.
ಟಿಕೀಟು ಇಪ್ಪತ್ತೈದಕ್ಕ ಬಂದಿತ್ತು.
ಅಲ್ಲೇ ನಮ್ಮ ನೇರಳೆ ಶಿಕ್ಕಾ,
ಅದರ ಬಾಜು ಒಂದು ಸಾಲಿನ ಕೆಳಗ
ಪೆನ್ಸಿಲಿನ ಗೀಟು, ಎರಡು ಸಲ ಎಳದಿದ್ದು.
ಗೀಟು ಎಳದವರಿಗಿ ಹತ್ತು ರೂಪಾಯಿ ದಂಡ,
ಗೋಡಿ ಮ್ಯಾಲ ನಾನೇ ಬರಸೀನಿ.
ರಬ್ಬರ್ ಕೈಯಾಗಿತ್ತು.

ಆ ಸಾಲು ಓದಿದೆ.
ಮತ್ತ ಓದಿದೆ.
ಸ್ಟೂಲ್ ಮ್ಯಾಲ ಕುಂತೆ.
ಏಳೂವರಿ ಬಸ್ಸು ಹೋದ ಸಪ್ಪಳ ಕೇಳಸ್ತು.

ಈಗ ಆ ಬುಕ್ಕಿನಾಗ
ಎರಡು ಟಿಕೀಟು ಅವ.